ಪರಂಗಿ ಗಿಡದ ಬಿಳಿ ಹಿಟ್ಟು, ಪೋರ್ಟೋರಿಕೋದ ಪುಟ್ಟ ಕಣಜ

ನಿಮ್ಮ ಬಾಲ್ಕನಿಯ ದಾಸವಾಳದ ಕುಡಿಯಲ್ಲಿ ಹತ್ತಿಯಂಥ ಬಿಳಿ ಅಂಟು ಕಂಡಿದ್ದರೆ, ಸ್ಪ್ರೇ ಬಾಟಲಿಗೆ ಕೈ ಹಾಕುವ ಮೊದಲು ಇದನ್ನೊಮ್ಮೆ ಓದಿ.

2008ರಲ್ಲಿ ಕೊಯಮತ್ತೂರಿನ ಪರಂಗಿ ತೋಟಗಳಲ್ಲಿ (ಪಪ್ಪಾಯಿ ಅಂದರೂ ಸರಿ) ಇಂಥದೇ ಬಿಳಿ ಹಿಟ್ಟು ಕಾಣಿಸಿಕೊಂಡಿತು. ಅದು ಪಪ್ಪಾಯಿ ಹಿಟ್ಟುತಿಗಣೆ. ತವರು ಮೆಕ್ಸಿಕೋ, ಮಧ್ಯ ಅಮೆರಿಕ. ಅದೇ ವರ್ಷ ಶ್ರೀಲಂಕಾದಲ್ಲೂ ಪತ್ತೆಯಾಯಿತು. ಪರಂಗಿ ಸಾಲದೆಂಬಂತೆ ಮರಗೆಣಸು, ಹಿಪ್ಪುನೇರಳೆಗಳಿಗೂ ಹತ್ತಿತು. ಕರ್ನಾಟಕ, ಮಹಾರಾಷ್ಟ್ರಗಳಿಗೂ ಬಂತು, ಪುಣೆಯ ಸುತ್ತಲಿನ ತೋಟಗಳನ್ನೂ ಬಿಡಲಿಲ್ಲ.

ರೈತರು ಔಷಧಿ ಹೊಡೆದೇ ಹೊಡೆದರು. ಆದರೆ ಈ ತಿಗಣೆಯ ಮೈಮೇಲೆ ಮೇಣದ ಹೊದಿಕೆ, ಅದು ಸುರಿಸುವ ಸಿಹಿ ಅಂಟಿನ ಆಸೆಗೆ ಇರುವೆಗಳ ಕಾವಲು, ಒಂದೊಂದು ಹೆಣ್ಣಿಗೂ ನೂರಾರು ಮೊಟ್ಟೆ. ಎಲ್ಲರಿಗಿಂತ ಇಕ್ಕಟ್ಟಿಗೆ ಸಿಕ್ಕವರು ರೇಷ್ಮೆ ಬೆಳೆಗಾರರು. ಹೊಡೆಯದಿದ್ದರೆ ಸೊಪ್ಪಿಲ್ಲ, ಹೊಡೆದರೆ ಆ ಸೊಪ್ಪು ತಿಂದ ರೇಷ್ಮೆಹುಳುವೇ ಸಾಯುತ್ತದೆ! ಕೆಲವರು ಹಿಪ್ಪುನೇರಳೆಯನ್ನೇ ಕಿತ್ತುಹಾಕಿದರು.

ತಿಗಣೆ ಸಮುದ್ರ ದಾಟಿ ಬಂದಿತ್ತು, ಅದರ ಶತ್ರು ತವರಿನಲ್ಲೇ ಉಳಿದಿತ್ತು. ತೊಂದರೆಯ ಮೂಲ ಇಷ್ಟೇ. ಅಮೆರಿಕದ ಕೃಷಿ ಇಲಾಖೆ ಈ ತಿಗಣೆಯನ್ನು ತಿನ್ನುವ ಪುಟ್ಟ ಕಣಜಗಳನ್ನು ಪೋರ್ಟೋರಿಕೋದಲ್ಲಿ ಸಾಕುತ್ತಿತ್ತು. ಶ್ರೀಲಂಕಾ 2009ರಲ್ಲೇ ಅವನ್ನು ತರಿಸಿಕೊಂಡಿತು. 2010ರ ಜುಲೈನಲ್ಲಿ ಮೂರು ಜಾತಿಯ ಕಣಜಗಳು ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೃಷಿ ಕೀಟಗಳ ರಾಷ್ಟ್ರೀಯ ಬ್ಯೂರೋಗೆ ಬಂದವು. ಬಂದ ಕೂಡಲೇ ಹೊರಗೆ ಬಿಡಲಿಲ್ಲ. ಮುಚ್ಚಿದ ಪ್ರಯೋಗಾಲಯದಲ್ಲಿಟ್ಟು, ಉಪಕಾರಿ ಕೀಟಗಳಿಗೆ ಇವುಗಳಿಂದ ಕೇಡಿಲ್ಲವೆಂದು ಖಚಿತ ಮಾಡಿಕೊಂಡರು. ಒಂದು ಪಿಡುಗನ್ನು ಓಡಿಸಲು ಇನ್ನೊಂದನ್ನು ಕರೆತಂದ ಕಥೆಗಳು ಪ್ರಪಂಚದಲ್ಲಿ ಬೇಕಾದಷ್ಟಿವೆ, ಹಾಗಾಗಿ ಈ ಎಚ್ಚರ ಅತಿಯೇನಲ್ಲ.

ಅಕ್ಟೋಬರ್‌ನಿಂದ ತೋಟಗಳಿಗೆ ಬಿಡುಗಡೆ. ಕೃಷಿ ವಿಶ್ವವಿದ್ಯಾಲಯಗಳು, ಕೃಷಿ ವಿಜ್ಞಾನ ಕೇಂದ್ರಗಳು ಇವನ್ನು ಬೆಳೆಸಿ ರಾಜ್ಯ ರಾಜ್ಯಕ್ಕೂ ಹಂಚಿದವು. ಮೂರರಲ್ಲಿ ಹೆಚ್ಚು ಕೆಲಸ ಮಾಡಿದ್ದು ಅಸೆರೋಫೇಗಸ್ ಪಪಾಯೆ. ಒಂದು ಮಿಲಿಮೀಟರ್ ಉದ್ದವೂ ಇಲ್ಲ, ಮನುಷ್ಯರಿಗೆ ಕುಟುಕುವುದೂ ಇಲ್ಲ. ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ, ಮರಿ ಒಳಗಿನಿಂದಲೇ ತಿಂದು ಬೆಳೆಯುತ್ತದೆ. ಕೆಲವೇ ತಿಂಗಳಲ್ಲಿ ತಿಗಣೆಯ ಹಾವಳಿ ಇಳಿಯಿತು. ರೇಷ್ಮೆ ಬೆಳೆಗಾರರು ಮತ್ತೆ ಸೊಪ್ಪು ಕೊಯ್ದರು.

ಈಗ ನಿಮ್ಮ ದಾಸವಾಳಕ್ಕೆ ಬರೋಣ. ಬಿಳಿ ಹಿಟ್ಟಿನ ನಡುವೆ ಕಂದು ಬಣ್ಣಕ್ಕೆ ಊದಿ ಒಣಗಿದ, ಸಣ್ಣ ತೂತಿರುವ ತಿಗಣೆಗಳು ಕಂಡರೆ ಕಣಜ ಆಗಲೇ ಕೆಲಸ ಶುರುಮಾಡಿದೆ ಎಂದರ್ಥ. ಔಷಧಿ ಹೊಡೆದರೆ ಮೊದಲು ಸಾಯುವುದು ಅದೇ. ಜೋರಾಗಿ ನೀರು ಚಿಮ್ಮಿಸಿ, ಇರುವೆಗಳನ್ನು ಓಡಿಸಿ, ಸ್ವಲ್ಪ ದಿನ ಕಾಯಿರಿ. ಊರಿಂದ ಗಿಡ ತರುವಾಗ ಎಲೆಯ ಅಡಿಭಾಗ ನೋಡಿಯೇ ಚೀಲಕ್ಕೆ ಹಾಕಿ.