ತಾಯಿಯ ಬಳಿ, ತಂದೆಯ ರಕ್ತದೊತ್ತಡ

ಶಾಂಭವಿ ನದಿಯು ಕಡಲನ್ನು ಸೇರುವೆಡೆಯ ನಮ್ಮ ಹೆಜಮಾಡಿಯಲ್ಲಿ ಮೊಗವೀರರು, ಬಂಟರು, ಬಿಲ್ಲವರು ಮೊದಲಾದವರು ಕುಲವನ್ನು ತಾಯಿಯಿಂದ ಎಣಿಸುವರು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ತರುವಾಯ ಆಸ್ತಿಯ ವಿಷಯದಲ್ಲಿ ಅಳಿಯಸಂತಾನದ ಬಿಗಿ ಸಡಿಲಿತಾದರೂ ಮಕ್ಕಳ ಬಳಿ ಇಂದಿಗೂ ತಾಯಿಯದೇ. ಆದುದರಿಂದ ವೈದ್ಯರು “ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ರಕ್ತದೊತ್ತಡವುಂಟೇ?” ಎಂದು ಕೇಳಿದರೆ, ಅಜ್ಜಿ, ತಾಯಿ, ಸೋದರಮಾವಂದಿರನ್ನು ಮಾತ್ರ ನೆನೆದು “ಇಲ್ಲ” ಎಂದುಬಿಡುವುದು ಸಹಜ. ತಂದೆಯ ಮನೆಯವರು ಆ ಲೆಕ್ಕಕ್ಕೇ ಬಾರರು.

ದೇಹದ ಕಟ್ಟಳೆಯಾದರೋ ಬೇರೆ. ಜೀನುಗಳೆಂದು ಕರೆಯಲ್ಪಡುವ ವಂಶವಾಹಿಗಳು ಶಿಶುವಿಗೆ ತಾಯಿತಂದೆಗಳಿಬ್ಬರಿಂದಲೂ ಹೆಚ್ಚುಕಡಮೆ ಅರ್ಧಾರ್ಧವಾಗಿ ಬರುವುವು. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಬೀಜ, ಬೀಜಭಾಗ, ಬೀಜಭಾಗಾವಯವ ಎಂಬ ವಿಂಗಡಣೆಯಿದೆ. ಅದೇ ಇಂದಿನ ವಂಶವಾಹಿಯೆಂದು ಬೀಗುವುದು ಸಲ್ಲದು, ಆದರೆ ಪ್ರಶ್ನೆ ಹಳೆಯದು.

ಒತ್ತಡದ ಏರಿಕೆಗೆ ಕಾರಣವಾದ ವಂಶವಾಹಿ ಒಂದೋ ಹಲವೋ ಎಂಬುದಾಗಿ 1950ರ ದಶಕದಲ್ಲಿ ಬ್ರಿಟನ್ನಿನ ವೈದ್ಯರಲ್ಲಿ ದೊಡ್ಡ ವಾದವೇ ನಡೆಯಿತು. ಒಂದೇ ಎಂದವರು ರಾಬರ್ಟ್ ಪ್ಲಾಟ್, ಹಲವು ಎಂದವರು ಜಾರ್ಜ್ ಪಿಕರಿಂಗ್. ಬಹುಮಟ್ಟಿಗೆ ಪಿಕರಿಂಗರ ಮಾತೇ ನಿಂತಿತು. ಇದುವರೆಗೆ ಸಾವಿರಕ್ಕೂ ಮಿಕ್ಕಿದ ವಂಶವಾಹಿ ಸ್ಥಾನಗಳು ಪತ್ತೆಯಾಗಿವೆ; ಒಂದೊಂದರ ಪ್ರಭಾವವೂ ಸಾಧಾರಣವಾಗಿ ಪಾದರಸದ ಒಂದು ಮಿಲಿಮೀಟರಿಗಿಂತ ಕಡಮೆ. ಹನಿಗೂಡಿ ಹಳ್ಳವಾದಂತೆ ಅವು ಒಟ್ಟುಗೂಡಿ ಕೆಲಸಮಾಡುವುವು.

ಒಂದೇ ವಂಶವಾಹಿಯ ದೋಷದಿಂದ ಒತ್ತಡವೇರುವುದೂ ಉಂಟು, ಬಹಳ ಅಪರೂಪವಾಗಿ. 1963ರಲ್ಲಿ ಅಮೆರಿಕೆಯ ಗ್ರಾಂಟ್ ಲಿಡ್ಲ್ ಎಂಬವರು ಅಂತಹ ಒಂದು ಕುಟುಂಬವನ್ನು ವರ್ಣಿಸಿದರು. ಆ ರೋಗದಲ್ಲಿ ಮೂತ್ರಪಿಂಡಗಳು ಉಪ್ಪನ್ನು ಹೊರಬಿಡದೆ ಹಿಡಿದಿಡುವುವು. ಉಪ್ಪಿನೊಡನೆ ನೀರೂ ನಿಂತು ಒತ್ತಡವೇರುವುದು. ಅವರು ಪರೀಕ್ಷಿಸಿದ ರೋಗಿಗೆ ಕಾಲಾಂತರದಲ್ಲಿ ಬೇರೊಬ್ಬರ ಮೂತ್ರಪಿಂಡವನ್ನು ಕಸಿಮಾಡಿದಾಗ ಆ ದೋಷವೇ ನೀಗಿತು!

ಉಪ್ಪಿನ ಮಾತು ಬಂದಾಗ ನಮ್ಮ ಕರಾವಳಿಯವರು ಸುಮ್ಮನಿರುವಂತಿಲ್ಲ. ಮಳೆಗಾಲಕ್ಕೆಂದು ಕೂಡಿಟ್ಟ ಒಣಮೀನು, ಉಪ್ಪುಸೊಳೆ, ಮಿಡಿ ಉಪ್ಪಿನಕಾಯಿ, ಹಪ್ಪಳ—ಎಲ್ಲವೂ ರುಚಿಕರವೇ. ಆದರೆ ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಹುಟ್ಟಿನಿಂದ ಬಂದುದಕ್ಕೆ ಪಥ್ಯವೇತಕ್ಕೆ ಎನ್ನುವವರುಂಟು. ಬ್ರಿಟನ್ನಿನ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನವು ಬೇರೆಯೇ ಹೇಳುತ್ತದೆ: ವಂಶದ ಅಪಾಯ ಹೆಚ್ಚಿರಲಿ ಕಡಮೆಯಿರಲಿ, ಆಹಾರವಿಹಾರಗಳು ನೆಟ್ಟಗಿದ್ದವರಲ್ಲಿ ಮೇಲಿನ ಅಂಕಿ 4ರಿಂದ 5 ಮಿಲಿಮೀಟರಿನಷ್ಟು ತಗ್ಗಿತ್ತು.

ಈ ರೋಗವು ಬಹುಕಾಲ ಯಾವ ನೋವನ್ನೂ ಕೊಡದೆ ಬೆಳೆಯುವುದರಿಂದ, ತಂದೆಯ ಕಡೆಯ ಹಿರಿಯರನ್ನು ವಿಚಾರಿಸುವಾಗ ರಕ್ತದೊತ್ತಡವೆಂದು ಕೇಳಿದರೆ ಸಾಲದು. ಅವರ ಕಾಲದಲ್ಲಿ ಅಳೆದವರಾರು? ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯರಲ್ಲಿ ಪಾರ್ಶ್ವವಾಯು ಬಡಿದವರು, ಎದೆಹಿಡಿದು ಕುಸಿದವರು ಇದ್ದರೇ, ಯಾವ ವಯಸ್ಸಿನಲ್ಲಿ, ಎಂಬುದನ್ನು ಕೇಳಿ ಬರೆದಿಟ್ಟು ವೈದ್ಯರಿಗೆ ತೋರಿಸಬೇಕು.