ನಾದಸ್ವರ ಶ್ರುತಿಗೆ ಕೂಡ್ತಿಲ್ವಾ? ಮೊದಲು ಸೀವಾಳಿ ನೋಡಿ

ನೆಲಮಂಗಲದ ಪಕ್ಕ ಅರಿಶಿನಕುಂಟೆಯಿಂದ ಮಾತಾಡ್ತಿದ್ದೀನಿ. ಓಲಗ ಊದೋದು ನನ್ನ ಕಸುಬು. ಕೇಳುಗರೊಬ್ಬರು ಹೀಗೆ ಕೇಳಿದ್ದಾರೆ: “ಅಪ್ಪ ಊದುತ್ತಿದ್ದ ನಾದಸ್ವರ ಈಗ ನನ್ನ ಕೈಗೆ ಬಂದಿದೆ. ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಜತೆ ಕೂಡ್ತಾನೇ ಇಲ್ಲ. ತೂತು ದೊಡ್ಡದು ಮಾಡಿಸು ಅಂತ ಒಬ್ರು, ಮಾರಿ ಹೊಸದು ತಗೋ ಅಂತ ಇನ್ನೊಬ್ರು. ಏನು ಮಾಡ್ಲಿ?”

ಸದ್ಯಕ್ಕೆ ಎರಡೂ ಬೇಡ. ಕೆರೆದ ಮರವನ್ನು ಮತ್ತೆ ಸೇರಿಸೋಕಾಗಲ್ಲ. ನಾನು ನೋಡಿರೋ ಹಾಗೆ ಬಹಳಷ್ಟು ಸಲ ತೊಂದರೆ ಕೊಳವೆಯಲ್ಲಿ ಇರೋದಿಲ್ಲ. ಬಾಯಿಗಿಡುವ ಸೀವಾಳಿಯಲ್ಲೋ, ಶ್ರುತಿ ಪೆಟ್ಟಿಗೆಯ ಗುಂಡಿಯಲ್ಲೋ ಇರುತ್ತೆ. ಹಾಗಾಗಿ ಒಂದು ಕ್ರಮದಲ್ಲಿ ಹುಡುಕೋಣ.

ಮೊದಲನೇದು, ತಣ್ಣಗಿರೋ ವಾದ್ಯವನ್ನು ಶ್ರುತಿಗೆ ಹಚ್ಚಬೇಡಿ. ಗಾಳಿ ತಣ್ಣಗಾದಷ್ಟೂ ಅದರೊಳಗೆ ಶಬ್ದ ನಿಧಾನವಾಗಿ ಓಡುತ್ತೆ, ಸ್ವರ ಇಳಿಯುತ್ತೆ. ಕೊಳವೆಯೊಳಗಿನ ಗಾಳಿ 10 ಡಿಗ್ರಿ ತಣ್ಣಗಿದ್ದರೆ ಸ್ವರ ಹೆಚ್ಚುಕಡಿಮೆ ಅರ್ಧ ಸ್ವರದ ಮೂರನೇ ಒಂದು ಭಾಗ ಇಳಿಯುತ್ತೆ. ಪೆಟ್ಟಿಗೆ ಮಾತ್ರ ಅಲ್ಲೇ ನಿಂತಿರುತ್ತೆ. ಡಿಸೆಂಬರ್‌ನಲ್ಲಿ ಬೆಳಗಿನ ಜಾವದ ಮುಹೂರ್ತಕ್ಕೆ ಹೋದವರಿಗೆ ಇದು ಗೊತ್ತು. ಸೀವಾಳಿಯನ್ನು ಬಾಯಲ್ಲಿ ನೆನೆಸಿ, ಐದು ನಿಮಿಷ ಊದಿ. ಒಣಗಿದ ಸೀವಾಳಿ ಸರಿಯಾಗಿ ಅದುರೋದಿಲ್ಲ. ಆಮೇಲೆ ಕಿವಿಗೊಡಿ.

ಎರಡನೇದು, ಅಲೆ ಕೇಳಿ. ಪೆಟ್ಟಿಗೆ ಹಾಕಿ ಷಡ್ಜವನ್ನು ಉದ್ದಕ್ಕೆ ಹಿಡಿಯಿರಿ. ಎರಡು ಸ್ವರ ಹತ್ತಿರವಿದ್ದೂ ಒಂದಾಗದಿದ್ದರೆ “ವಾವ್-ವಾವ್” ಅಂತ ತೂಗಾಡುತ್ತೆ. ಒಂದು ಸೆಕೆಂಡಿಗೆ 440 ಸಲ, ಇನ್ನೊಂದು 444 ಸಲ ಅದುರಿದರೆ ಸೆಕೆಂಡಿಗೆ ನಾಲ್ಕು ಅಲೆ ಕೇಳುತ್ತೆ. ಹತ್ತಿರವಾದಂತೆ ಅಲೆ ನಿಧಾನವಾಗುತ್ತೆ, ಕೂಡಿದಾಗ ನಿಂತುಹೋಗುತ್ತೆ. ಮೊಬೈಲಿನ ಟ್ಯೂನರ್ ಇಲ್ಲದಿದ್ರೂ ಪರವಾಗಿಲ್ಲ, ಈ ಅಲೆಯೇ ಸಾಕು.

ಈಗ ಮುಖ್ಯವಾದದ್ದು. ಎಲ್ಲಾ ಸ್ವರಗಳೂ ಒಂದೇ ಅಳತೆಯಲ್ಲಿ ಏರಿದ್ದರೆ ಅಥವಾ ಇಳಿದಿದ್ದರೆ ವಾದ್ಯದಲ್ಲಿ ದೋಷವೇ ಇಲ್ಲ. ಪೆಟ್ಟಿಗೆಯ ಸಣ್ಣ ಗುಂಡಿ ತಿರುಗಿಸಿ, ಅದನ್ನೇ ವಾದ್ಯದ ಹತ್ತಿರ ತನ್ನಿ. ಹಿಂದೆ ನಾದಸ್ವರದ ಪಕ್ಕ ಒತ್ತು ಅಂತ ಒಂದು ಕೊಳವೆ ಹಿಡಿದು ಒಬ್ಬರು ಒಂದೇ ಸ್ವರ ಊದ್ತಾ ಕೂರ್ತಿದ್ರು. ಒತ್ತಿನ ತೂತುಗಳಿಗೆ ಮೇಣ ಹಚ್ಚಿ, ನಾದಸ್ವರ ಇದ್ದಲ್ಲಿಗೆ ಶ್ರುತಿಯನ್ನು ತರ್ತಿದ್ರು. ಈಗ ಆ ಜಾಗದಲ್ಲಿ ಪೆಟ್ಟಿಗೆ ಕೂತಿದೆ, ಆದ್ರೆ ಹೊಂದಿಸಿಕೊಳ್ಳೋ ಕೆಲಸ ಇನ್ನೂ ಶ್ರುತಿಯದ್ದೇ.

ಹಳೇ ವಾದ್ಯಗಳ ವಿಷಯದಲ್ಲಿ ಇದು ಇನ್ನೂ ನಿಜ. ಗಿಡ್ಡದಾದ ತಿಮಿರಿಯ ಶ್ರುತಿ ಎತ್ತರ, ಉದ್ದದ ಬಾರಿಯದ್ದು ತಗ್ಗು. ಬಾರಿಯನ್ನು ಜನಪ್ರಿಯ ಮಾಡಿದವರು ಟಿ.ಎನ್. ರಾಜರತ್ನಂ ಪಿಳ್ಳೆ. ಬಾರಿಗೆ ಇಟ್ಟ ಶ್ರುತಿಯಲ್ಲಿ ತಿಮಿರಿ ಊದಿ “ಕೂಡ್ತಿಲ್ಲ” ಅಂದ್ರೆ ವಾದ್ಯ ಏನು ಮಾಡೀತು?

ಮೂರನೇದು, ಮೇಲಿನ ಸ್ವರಗಳು ಮಾತ್ರ ಏರಿವೆ, ಕೆಳಗಿನವು ಸರಿಯಿವೆ ಅನ್ನಿ. ಆಗ ಸೀವಾಳಿ ಕೂತಿರುವ ಲೋಹದ ನಳಿಕೆಯನ್ನು ಕೂದಲೆಳೆಯಷ್ಟು ಹೊರಕ್ಕೆ ಎಳೆಯಿರಿ. ಇಳಿದಿದ್ದರೆ ಒಳಕ್ಕೆ ತಳ್ಳಿ. ಮೇಲಿನ ಸ್ವರಕ್ಕೆ ಗಾಳಿಯ ಉದ್ದ ಕಡಿಮೆ, ಅದಕ್ಕೇ ಒಂದು ಮಿಲಿಮೀಟರ್ ಕೂಡ ಅಲ್ಲಿ ಎದ್ದು ಕಾಣುತ್ತೆ. ನಳಿಕೆ ಸಡಿಲವಾಗಿದ್ರೆ ದಾರ ಸುತ್ತಿ ಬಿಗಿ ಮಾಡಿ, ಗಾಳಿ ಸೋರಬಾರದು. ಇಷ್ಟಾದ್ರೂ ಸರಿಹೋಗದಿದ್ರೆ ಸೀವಾಳಿ ಬದಲಿಸಿ ನೋಡಿ. ತೀರಾ ಗಟ್ಟಿ ಸೀವಾಳಿಯನ್ನು ತುಟಿ ಕಚ್ಚಿ ಊದಬೇಕಾಗುತ್ತೆ, ಸ್ವರ ಏರುತ್ತೆ. ಸೋತ ಸೀವಾಳಿ ತಾರ ಸ್ಥಾಯಿಯಲ್ಲಿ ನಿಲ್ಲೋದಿಲ್ಲ. ಓಲಗದವರ ವಾದ್ಯಕ್ಕೆ ನಾಲ್ಕಾರು ಸೀವಾಳಿ ನೇತಾಡ್ತಿರೋದು ಅಲಂಕಾರಕ್ಕಲ್ಲ.

ನಾಲ್ಕನೇದು, ಒಂದೇ ಒಂದು ಸ್ವರ ತಪ್ಪಿದ್ರೆ ಆ ತೂತು ನೋಡಿ. ಇಳಿದಿದ್ರೆ ಕೊಳೆ ಕಟ್ಟಿರಬಹುದು, ಮೆತ್ತಗೆ ತೆಗೀರಿ. ಏರಿದ್ರೆ ತೂತಿನ ಮೇಲಂಚಿಗೆ ಚೂರು ಮೇಣ ಹಚ್ಚಿ. ಬೆರಳಾಡಿಸುವ ಏಳು ತೂತುಗಳಲ್ಲದೆ ಕೆಳಗೆ ಇನ್ನೂ ಐದು ಇರುತ್ತವಲ್ಲ, ಅವು ಇರೋದೇ ಮೇಣದಿಂದ ಹೊಂದಿಸೋಕೆ. ಮೇಣ ತಪ್ಪಾದ್ರೆ ಉಗುರಲ್ಲಿ ತೆಗೀಬಹುದು. ಚಾಕು ತಪ್ಪಾದ್ರೆ ತೆಗೆಯೋಕೆ ಬರಲ್ಲ.

ಪ್ರತಿ ವರ್ಷ ಜನವರಿ 29ಕ್ಕೆ ದೆಹಲಿಯ ಬೀಟಿಂಗ್ ರಿಟ್ರೀಟ್‌ನಲ್ಲಿ ಸೇನೆಯವರ ಬ್ಯಾಗ್‌ಪೈಪ್ ಕೇಳಿರ್ತೀರಿ. ಅದರ ಸ್ವರನಳಿಕೆಗೂ ನಮ್ಮ ಹಾಗೇ ಜೋಡಿ ನಾಲಗೆಯ ಪೀಪಿ. ಹೆಗಲ ಮೇಲಿನ ಮೂರು ಕೊಳವೆ ನಮ್ಮ ಒತ್ತಿನ ಹಾಗೆ ಶ್ರುತಿ ಹಿಡಿಯುತ್ತವೆ. ಅವುಗಳ ಜಾರುಭಾಗ ಎಳೆದು ಉದ್ದ ಮಾಡಿದ್ರೆ ಶ್ರುತಿ ಇಳಿಯುತ್ತೆ. ಏರಿದ ಸ್ವರದ ತೂತಿಗೆ ಅವರು ಹಚ್ಚೋದು ಅಂಟುಪಟ್ಟಿ. ಆದ್ರೆ ಪೀಪಿ ಒಳಗಿರೋದ್ರಿಂದ ಅವರ ತುಟಿ ಅದಕ್ಕೆ ತಾಗೋದೇ ಇಲ್ಲ. ನಮಗೆ ತುಟಿ ಇದೆ, ಊದ್ತಾ ಊದ್ತಾನೇ ಸ್ವರವನ್ನು ಚೂರು ಏರಿಸಿ ಇಳಿಸಬಹುದು. ಹಾಗಂತ ಇಡೀ ಮುಹೂರ್ತ ತುಟಿಯಲ್ಲೇ ಸರಿಮಾಡ್ತೀನಿ ಅಂದ್ರೆ ಗಟ್ಟಿಮೇಳದ ಹೊತ್ತಿಗೆ ಬಾಯಿ ಸೋತಿರುತ್ತೆ.

ಹಾಗಾಗಿ ವಾದ್ಯ ಮಾರೋ ಮಾತಿಗೆ ಮುಂಚೆ ಒಂದು ಒಳ್ಳೇ ಸೀವಾಳಿ ತನ್ನಿ, ಪೆಟ್ಟಿಗೆಯನ್ನು ನಿಧಾನವಾಗಿ ತಿರುಗಿಸಿ. ಅಲೆ ನಿಂತ ಕಡೆ ಪೆಟ್ಟಿಗೆ ಮೇಲೆ ಒಂದು ಗುರುತು ಹಾಕಿಡಿ. ಅದೇ ನಿಮ್ಮಪ್ಪ ಊದುತ್ತಿದ್ದ ಶ್ರುತಿ. ಅಷ್ಟೆಲ್ಲಾ ಮಾಡಿದ ಮೇಲೂ ಕೂಡದಿದ್ರೆ ಕೊಳವೆಯಲ್ಲಿ ಬಿರುಕಿದೆಯಾ ಅಂತ ವಾದ್ಯ ಮಾಡೋರ ಹತ್ರ ತೋರಿಸಿ.