ಕೈ ಬೀಸಿದರೆ ಆಟ: ಯಂತ್ರ ಕಾಣುವುದೆಷ್ಟು, ಊಹಿಸುವುದೆಷ್ಟು?

ವಿಡಿಯೊ ಗೇಮ್ ಮೇಳಗಳಲ್ಲಿ ದೂರದಿಂದಲೇ ಗುರುತಿಸಬಹುದಾದ ಮಳಿಗೆಯೊಂದಿರುತ್ತದೆ. ಅಲ್ಲಿ ಆಡುವವರು ಕುರ್ಚಿಯಲ್ಲಿ ಕುಳಿತಿರುವುದಿಲ್ಲ. ಪುಟ್ಟ ಸಾಧನವೊಂದನ್ನು ಹಿಡಿದು ಗಾಳಿಯಲ್ಲಿ ಟೆನಿಸ್ ರಾಕೆಟ್ ಬೀಸುತ್ತಾರೆ, ಬೌಲಿಂಗ್ ಚೆಂಡು ಉರುಳಿಸುತ್ತಾರೆ, ಎದುರಾಳಿ ಇಲ್ಲದೆಯೇ ಬಾಕ್ಸಿಂಗ್ ಮಾಡುತ್ತಾರೆ. ಸರದಿಯಲ್ಲಿ ನಿಂತವರಿಗೆ ಸಿಗುವುದು ಕೆಲವೇ ನಿಮಿಷ. ಆ ಕೆಲವು ನಿಮಿಷಗಳ ಉತ್ಸಾಹದಲ್ಲೇ ಎಷ್ಟೋ ಪೋಷಕರು ‘ಮಗು ಹೇಗೂ ಟಿವಿ ಮುಂದೆ ಕೂರುತ್ತದೆ, ಇದಾದರೆ ವ್ಯಾಯಾಮವಾದರೂ ಆದೀತು’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಈ ತೀರ್ಮಾನ ಎಷ್ಟು ಸರಿ ಎಂಬುದನ್ನು ತಿಳಿಯಬೇಕಾದರೆ, ಆ ಸಾಧನ ಆಟಗಾರನಲ್ಲಿ ನಿಜವಾಗಿ ಏನನ್ನು ಕಾಣುತ್ತದೆ ಎಂಬುದನ್ನು ಮೊದಲು ಅರಿಯಬೇಕು.

ಮೇಳದಲ್ಲೇ ಹುಟ್ಟಿದ ಅಲೆ

ಈ ಬಗೆಯ ಆಟಗಳು ಮನೆಮಾತಾದದ್ದೇ ಮೇಳಗಳ ಮೂಲಕ. ಜಪಾನಿನ ನಿಂಟೆಂಡೊ ಕಂಪನಿಯ ಅಧ್ಯಕ್ಷರಾಗಿದ್ದ ಸತೋರು ಇವಾಟಾ 2005ರ ಟೋಕಿಯೊ ಗೇಮ್ ಷೋನಲ್ಲಿ ಟಿವಿ ರಿಮೋಟ್‌ನಂತೆ ಕಾಣುವ ಹೊಸ ನಿಯಂತ್ರಕವನ್ನು ತೋರಿಸಿದರು. 2006ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನ ಇ3 ಮೇಳದ ವೇಳೆ ಇವಾಟಾ ಮತ್ತು ಆಟಗಳ ವಿನ್ಯಾಸಕ ಶಿಗೆರು ಮಿಯಾಮೊಟೊ ವೇದಿಕೆಯ ಮೇಲೆ ತಾವೇ ಟೆನಿಸ್ ಆಡಿ ತೋರಿಸಿದರು. ಮಳಿಗೆಯ ಮುಂದೆ ಜನ ಗಂಟೆಗಟ್ಟಲೆ ಕಾದು ನಿಂತರು. ಅದೇ ನವೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ‘ವೀ’ ಯಂತ್ರ ಮುಂದೆ 10 ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಯಿತು. 2010ರಲ್ಲಿ ಸೋನಿಯ ‘ಮೂವ್’ ಮತ್ತು ಮೈಕ್ರೋಸಾಫ್ಟ್‌ನ ‘ಕಿನೆಕ್ಟ್’ ಇದೇ ಹಾದಿ ಹಿಡಿದವು.

ಕರ್ನಾಟಕಕ್ಕೂ ಈ ಲೋಕ ಹೊಸತಲ್ಲ. ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್ ಮತ್ತು ಕಾಮಿಕ್ಸ್ ಉದ್ಯಮಕ್ಕೆಂದೇ ದೇಶದಲ್ಲಿ ಮೊದಲ ನೀತಿಯನ್ನು 2012ರಲ್ಲಿ ಪ್ರಕಟಿಸಿದ ರಾಜ್ಯವಿದು. ಬೆಂಗಳೂರಿನ ಜಿಎಎಫ್‌ಎಕ್ಸ್ ಸಮ್ಮೇಳನ, ಕಾಮಿಕ್ ಕಾನ್‌ಗಳು ರಾಜ್ಯದ ಯುವಜನರಿಗೆ ಇಂಥ ಲೋಕದ ಪರಿಚಯ ಮಾಡಿಸಿವೆ.

ಒಳಗಿರುವುದು ಏನು?

ವೀ ರಿಮೋಟ್‌ನ ಹೃದಯ ಆಕ್ಸೆಲೆರೋಮೀಟರ್ ಎಂಬ ಚಿಪ್. ಇದರಲ್ಲಿ ಸಿಲಿಕಾನ್‌ನ ಅತಿ ಸೂಕ್ಷ್ಮ ಸ್ಪ್ರಿಂಗ್‌ಗಳ ಮೇಲೆ ಪುಟ್ಟ ತೂಕವೊಂದು ತೂಗಿಕೊಂಡಿರುತ್ತದೆ. ಬಸ್ಸು ಥಟ್ಟನೆ ಹೊರಟಾಗ ನಿಂತ ಪ್ರಯಾಣಿಕ ಹಿಂದಕ್ಕೆ ವಾಲುವಂತೆ, ಕೈ ಬೀಸಿದಾಗ ಆ ತೂಕ ತುಸು ಸರಿಯುತ್ತದೆ. ಆ ಸರಿತವನ್ನು ವಿದ್ಯುತ್ ಸಂಕೇತವಾಗಿ ಓದಿ ವೇಗ ಎಷ್ಟು ಬದಲಾಯಿತೆಂದು ಯಂತ್ರ ತಿಳಿಯುತ್ತದೆ. ಸಾಧನ ಅಲುಗಾಡದಿದ್ದಾಗ ಭೂಮಿಯ ಗುರುತ್ವ ಯಾವ ಕಡೆಗಿದೆ ಎಂಬುದರಿಂದ ಅದು ಎಷ್ಟು ವಾಲಿದೆ ಎಂಬುದೂ ಗೊತ್ತಾಗುತ್ತದೆ. 2009ರಲ್ಲಿ ನಿಂಟೆಂಡೊ ಇದಕ್ಕೆ ಜೈರೋಸ್ಕೋಪ್ ಇರುವ ‘ಮೋಷನ್ ಪ್ಲಸ್’ ಎಂಬ ಜೋಡಣೆ ಒದಗಿಸಿತು. ಮಣಿಕಟ್ಟು ತಿರುಗುವ ಬಗೆಯನ್ನೂ ಅದು ಅಳೆಯತೊಡಗಿತು.

ಇಷ್ಟಾದರೂ ರಾಕೆಟ್ ಗಾಳಿಯಲ್ಲಿ ಸರಿಯಾಗಿ ಎಲ್ಲಿದೆ ಎಂಬುದು ಈ ಚಿಪ್‌ಗಳಿಗಷ್ಟೇ ಬಿಟ್ಟರೆ ತಿಳಿಯುವುದಿಲ್ಲ. ವೇಗೋತ್ಕರ್ಷದಿಂದ ವೇಗವನ್ನು, ವೇಗದಿಂದ ಸ್ಥಾನವನ್ನು ಲೆಕ್ಕ ಹಾಕುತ್ತಾ ಹೋದಂತೆ ಅಳತೆಯ ಸಣ್ಣ ತಪ್ಪೂ ಬೆಳೆಯುತ್ತದೆ. ಗುರುತ್ವದ ನೂರರಲ್ಲಿ ಒಂದು ಪಾಲಿನಷ್ಟು ತಪ್ಪು ಇದೆಯೆಂದುಕೊಂಡರೆ, ಒಂದು ಸೆಕೆಂಡಿನಲ್ಲಿ ಅದು ಸುಮಾರು 5 ಸೆಂ.ಮೀ. ವ್ಯತ್ಯಾಸ ತರುತ್ತದೆ. 10 ಸೆಕೆಂಡಿನಲ್ಲಿ ಅದೇ 5 ಮೀಟರ್ ಆಗುತ್ತದೆ. ಆದ್ದರಿಂದ ಮೊದಲ ವೀ ಟೆನಿಸ್ ಆಟ ಸ್ಥಾನವನ್ನು ಹುಡುಕುವ ಗೋಜಿಗೆ ಹೋಗಲಿಲ್ಲ. ಕೈಬೀಸಿನ ಲಯ ಮತ್ತು ಸಮಯವನ್ನು ಗುರುತಿಸಿ, ಹೊಡೆತ ಯಾವುದಿರಬಹುದೆಂದು ಊಹಿಸಿತು. ಅಂಗಳದಲ್ಲಿ ಓಡಾಡುವ ಕೆಲಸವನ್ನಂತೂ ಆಟವೇ ವಹಿಸಿಕೊಂಡಿತು. ಆಟಗಾರ ನಿಂತಲ್ಲೇ ನಿಂತರೂ ಸಾಕು, ಸೋಫಾದಲ್ಲಿ ಕುಳಿತು ಮಣಿಕಟ್ಟು ಕೊಡವಿದರೂ ಚೆಂಡು ಬಲೆ ದಾಟುತ್ತಿತ್ತು.

ಚಳ್ಳಕೆರೆಯ ಬಯಲಿನ ಪಾಠ

ಇದು ಆಟಿಕೆಗೆ ಮಾತ್ರ ಕಾಡುವ ತೊಂದರೆಯಲ್ಲ. ಚಲನೆಯನ್ನು ಅಳೆದು ಸ್ಥಾನ ತಿಳಿಯುವ ಇದೇ ತತ್ತ್ವ ವಿಮಾನ, ರಾಕೆಟ್‌ಗಳಲ್ಲೂ ಬಳಕೆಯಲ್ಲಿದೆ. ಅದರ ಪರೀಕ್ಷೆ ನಡೆಯುವ ತಾಣವೊಂದು ಕರ್ನಾಟಕದಲ್ಲೇ ಇದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಡಿಆರ್‌ಡಿಒ ಸ್ಥಾಪಿಸಿರುವ ವೈಮಾನಿಕ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರಂದು ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನದ ಮಾದರಿಯನ್ನು ಇಳಿಸಿತು. ಚಿನೂಕ್ ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರದಲ್ಲಿ ಬಿಟ್ಟ ಆ ರೆಕ್ಕೆಯ ವಾಹನ, ಚಾಲಕನಿಲ್ಲದೆ ತಾನೇ ದಾರಿ ಹುಡುಕಿ ರನ್‌ವೇ ಮುಟ್ಟಿತು. ಅದರೊಳಗಿನ ಚಲನ ಸಂವೇದಕಗಳು ಆಟಿಕೆಯ ಚಿಪ್‌ಗಿಂತ ಎಷ್ಟೋ ಪಾಲು ನಿಖರ. ಆದರೂ ವಿಜ್ಞಾನಿಗಳು ಅವುಗಳನ್ನಷ್ಟೇ ನೆಚ್ಚಿಕೊಳ್ಳಲಿಲ್ಲ. ‘ನಾವಿಕ್’ ಉಪಗ್ರಹಗಳ ಸಂಕೇತ, ರೇಡಾರ್ ಎತ್ತರಮಾಪಕ ಮುಂತಾದ ಹೊರಗಿನ ಆಧಾರಗಳಿಂದ ಲೆಕ್ಕವನ್ನು ಸರಿಪಡಿಸುವ ವ್ಯವಸ್ಥೆ ಮಾಡಿದ್ದರು.

ಆಟದ ತಯಾರಕರು ಕಂಡುಕೊಂಡದ್ದೂ ಇದನ್ನೇ. ವೀ ರಿಮೋಟ್‌ನ ತುದಿಯಲ್ಲಿದ್ದ ಕ್ಯಾಮೆರಾ ಟಿವಿ ಬಳಿಯ ಅತಿಗೆಂಪು ದೀಪಗಳನ್ನು ನೋಡಿ ತಾನು ಎತ್ತ ಮುಖ ಮಾಡಿದ್ದೇನೆಂದು ಅರಿಯುತ್ತಿತ್ತು. ‘ಮೂವ್’ ಸಾಧನದ ತುದಿಯ ಹೊಳೆಯುವ ಗೋಲಿಯನ್ನು ಟಿವಿ ಬಳಿಯ ಕ್ಯಾಮೆರಾ ಗಮನಿಸುತ್ತಿತ್ತು. ಗೋಲಿ ಎಷ್ಟು ದೊಡ್ಡದಾಗಿ ಕಂಡಿತೆಂಬುದರಿಂದ ದೂರ ತಿಳಿಯುತ್ತಿತ್ತು. ಕಿನೆಕ್ಟ್ ಕೈಯಲ್ಲಿನ ಸಾಧನವನ್ನೇ ತೆಗೆದುಹಾಕಿ, ಕೋಣೆಗೆ ಅತಿಗೆಂಪು ಚುಕ್ಕಿಗಳನ್ನು ಚೆಲ್ಲಿ ದೇಹದ ಕೀಲುಗಳನ್ನು ಗುರುತಿಸಿತು. ಕಾಲನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರಿಂದ ಅದರ ಆಟಗಳಲ್ಲಿ ಮೈ ಹೆಚ್ಚು ದಣಿಯುತ್ತಿತ್ತು. ಆದರೆ ಅದಕ್ಕೆ ಒಬ್ಬ ಆಟಗಾರನಿಗೆ ಸುಮಾರು 6 ಅಡಿ, ಇಬ್ಬರಿಗೆ 8 ಅಡಿ ದೂರ ಬೇಕಿತ್ತು. ಪೀಠೋಪಕರಣ ತುಂಬಿದ ನಗರದ ಫ್ಲ್ಯಾಟ್‌ಗಳಲ್ಲಿ ಅಷ್ಟು ಜಾಗ ಬಿಡಿಸುವುದು ಸುಲಭವಲ್ಲ. ಕಿನೆಕ್ಟ್ ತಯಾರಿಕೆ 2017ರಲ್ಲಿ ನಿಂತಿತು. 2022ರಲ್ಲಿ ಬಂದ ‘ನಿಂಟೆಂಡೊ ಸ್ವಿಚ್ ಸ್ಪೋರ್ಟ್ಸ್’ ಮತ್ತೆ ಕೈಯಲ್ಲಿ ಹಿಡಿಯುವ ಸಾಧನದ ದಾರಿಯನ್ನೇ ಹಿಡಿಯಿತು.

ವ್ಯಾಯಾಮವಾಗುತ್ತದೆಯೆ?

ಬ್ರಿಟನ್ನಿನ ಸಂಶೋಧಕರು 13ರಿಂದ 15 ವರ್ಷದ 11 ಮಕ್ಕಳನ್ನು ವೀ ಆಡಲು ಬಿಟ್ಟು ಪರೀಕ್ಷಿಸಿ, 2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಪ್ರಕಟಿಸಿದರು. ಕುಳಿತು ಆಡುವ ಗೇಮ್‌ಗಿಂತ ಹೆಚ್ಚು ಶಕ್ತಿ ವ್ಯಯವಾದದ್ದು ನಿಜ. ಆದರೆ ಅದು ನಿಜವಾದ ಕ್ರೀಡೆಗೆ ಸಮನಾಗಲಿಲ್ಲ, ಮಕ್ಕಳ ದಿನನಿತ್ಯದ ವ್ಯಾಯಾಮವೆಂದು ಎಣಿಸುವಷ್ಟೂ ಇರಲಿಲ್ಲ. ಅಮೆರಿಕದಲ್ಲಿ 9ರಿಂದ 12 ವರ್ಷದ ಮಕ್ಕಳ ಮನೆಗೇ ಇಂಥ ಆಟಗಳನ್ನು ಕೊಟ್ಟು 13 ವಾರ ಗಮನಿಸಿದ ಅಧ್ಯಯನ 2012ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬಂತು. ಸಾಮಾನ್ಯ ಗೇಮ್ ಪಡೆದ ಮಕ್ಕಳಿಗಿಂತ ಇವರ ದೈಹಿಕ ಚಟುವಟಿಕೆ ಹೆಚ್ಚಿರಲಿಲ್ಲ.

ಮಳಿಗೆಯಲ್ಲಿ ಸುತ್ತ ನಿಂತವರ ಚಪ್ಪಾಳೆಗೆ ಆಟಗಾರ ಭುಜ ತಿರುಗಿಸಿ ಪೂರ್ತಿ ಹೊಡೆತ ಹೊಡೆಯುತ್ತಾನೆ. ಮನೆಯಲ್ಲಿ ಕೆಲವು ದಿನ ಕಳೆದಂತೆ ಎಷ್ಟು ಕಡಿಮೆ ಅಲುಗಾಡಿದರೂ ಯಂತ್ರ ಒಪ್ಪಿಕೊಳ್ಳುತ್ತದೆ ಎಂಬ ಗುಟ್ಟು ಅವನಿಗೆ ತಿಳಿಯಬಹುದು. ಅತಿಯಾದರೆ ನೋವೂ ಉಂಟು. ಗಂಟೆಗಟ್ಟಲೆ ವೀ ಟೆನಿಸ್ ಆಡಿ ಭುಜದ ಸ್ನಾಯುಬಂಧ ಉರಿಯೂತಕ್ಕೆ ಒಳಗಾದ ಯುವ ವೈದ್ಯರೊಬ್ಬರ ಪ್ರಕರಣ 2007ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿತ್ತು. ಮೊದಲ ರಿಮೋಟ್‌ಗಳು ಕೈತಪ್ಪಿ ಹಾರತೊಡಗಿದಾಗ, 2006ರ ಡಿಸೆಂಬರ್‌ನಲ್ಲಿ ನಿಂಟೆಂಡೊ ಸುಮಾರು 32 ಲಕ್ಷ ಮಣಿಕಟ್ಟಿನ ಪಟ್ಟಿಗಳನ್ನು ಬದಲಿಸಿಕೊಡಲು ಮುಂದಾಯಿತು.

ಮಳಿಗೆಯಲ್ಲಿ ಏನು ಪರೀಕ್ಷಿಸಬೇಕು?

ಸರದಿ ಬಂದಾಗ ಗೆಲ್ಲುವುದಕ್ಕಿಂತ ಕೆಲವು ಸಂಗತಿಗಳನ್ನು ಗಮನಿಸುವುದು ಲಾಭಕರ. ಒಮ್ಮೆ ಪೂರ್ತಿ ತೋಳು ಬೀಸಿ, ಇನ್ನೊಮ್ಮೆ ಮಣಿಕಟ್ಟನ್ನಷ್ಟೇ ಕೊಡವಿ ನೋಡಬೇಕು. ಎರಡಕ್ಕೂ ಒಂದೇ ಫಲ ಸಿಕ್ಕರೆ ಯಂತ್ರ ಊಹೆಯ ಮೇಲೆ ನಡೆಯುತ್ತಿದೆ ಎಂದರ್ಥ. ನಿಧಾನದ ಹೊಡೆತಕ್ಕೂ ಜೋರಿನ ಹೊಡೆತಕ್ಕೂ ವ್ಯತ್ಯಾಸ ತೋರುತ್ತದೆಯೆ, ಎರಡು ಹೆಜ್ಜೆ ಪಕ್ಕಕ್ಕೆ ಸರಿದದ್ದು ತೆರೆಯ ಮೇಲೆ ಕಾಣುತ್ತದೆಯೆ ಎಂದು ನೋಡಬೇಕು. ಮಳಿಗೆಯಲ್ಲಿ ಬಿಟ್ಟಿರುವ ಜಾಗವನ್ನು ಹೆಜ್ಜೆಯಲ್ಲಿ ಅಳೆದು, ಅಷ್ಟು ಮನೆಯಲ್ಲಿದೆಯೆ ಎಂದು ಲೆಕ್ಕ ಹಾಕಬೇಕು.

ಚಳ್ಳಕೆರೆಯಿಂದ ಉತ್ತರಕ್ಕೆ, ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದ ಕಡೆ ಬಯಲಿಗೆ ಬರವಿಲ್ಲ. ಅಂಥಲ್ಲಿ ಈ ಆಟ ಮಳೆಗಾಲದ ಸಂಜೆಯ ಮನರಂಜನೆಯಾದೀತೇ ಹೊರತು ಮೈದಾನಕ್ಕೆ ಬದಲಿಯಾಗಬೇಕಿಲ್ಲ. ಮೈದಾನವೇ ಕಾಣದ ನಗರದ ಮಗುವಿಗೆ ಕುಳಿತಾಡುವುದಕ್ಕಿಂತ ಇದು ಮೇಲು. ಆದರೆ ಅದನ್ನು ಕೊಂಡ ಕಾರಣಕ್ಕೆ ಸಂಜೆಯ ಕ್ರಿಕೆಟ್ಟನ್ನೋ ಕಬಡ್ಡಿಯನ್ನೋ ಬಿಡಿಸಿದರೆ, ಮಗುವಿಗೆ ನಷ್ಟವೇ ಹೆಚ್ಚು.